ಕಳೆಭತ್ತ ಬಂದ ಗದ್ದೆಗೆ ಯಾವುದು: ಬಿತ್ತನೆಯೋ, ಯಂತ್ರನಾಟಿಯೋ?

ಉಡುಪಿ ಕಡೆಯ ಬೈಲುಗದ್ದೆಗಳಲ್ಲಿ ಏಣೆಲು (ಮಳೆಗಾಲದ) ಬೆಳೆಗೆ ಮೊಳಕೆ ಬೀಜ ಚೆಲ್ಲುವುದು ಸುಲಭ, ಖರ್ಚೂ ಕಡಿಮೆ. ಆದರೆ ಕಳೆಭತ್ತಕ್ಕೂ, ಅಂದರೆ ಗದ್ದೆಯಲ್ಲಿ ತಾನಾಗಿ ಹುಟ್ಟಿ ಕಾಳು ಉದುರಿಸುವ ಭತ್ತಕ್ಕೂ, ಅದೇ ಬೇಕು. ಎರಡೂ ಒಟ್ಟಿಗೆ ಮೊಳೆಯುತ್ತವೆ, ಎರಡೂ ಒಂದೇ ಜಾತಿ. ಹಾಗಾಗಿ ಭತ್ತಕ್ಕೆ ಏನೂ ಮಾಡದ ಕಳೆನಾಶಕ ಇದಕ್ಕೂ ಏನೂ ಮಾಡದು. ಕವಡೆಹುಲ್ಲೆಂಬ ಕಳೆಗಾದರೆ ಎಲೆಯ ಬುಡದಲ್ಲಿ ಬಿಳಿ ಪೊರೆ ಇರುವುದಿಲ್ಲ, ಗುರುತಿಸಬಹುದು. ಕಳೆಭತ್ತಕ್ಕೆ ಆ ಪೊರೆಯೂ ಇದೆ.

ಬಿತ್ತಲೇಬೇಕೆಂದರೆ ಮೇ ತಿಂಗಳ ಮಳೆಗೆ ಉತ್ತು, ಗದ್ದೆ ಹದವಾಗಿಟ್ಟು, ಎರಡು ವಾರದಲ್ಲಿ ಮೊಳೆತದ್ದನ್ನು ಮತ್ತೆ ಉತ್ತು ಕೊಲ್ಲಿ. ಸಾಧ್ಯವಾದರೆ ಇನ್ನೊಮ್ಮೆ. ಮಳೆ ಬೇಗ ಹಿಡಿದು ನೀರು ನಿಂತರೆ ಈ ಉಪಾಯ ಕೆಡುತ್ತದೆ: ಬೀಜ ಮೊಳೆಯದೆ ಕೆಸರಲ್ಲೇ ಉಳಿಯುತ್ತದೆ.

ಯಂತ್ರನಾಟಿಯಲ್ಲಿ 15–18 ದಿನದ ಚಾಪೆ ಸಸಿ (ತೆಳು ಮಣ್ಣಿನ ಮೇಲೆ ಚಾಪೆಯಂತೆ ಬೆಳೆಸಿದ್ದು) ಮುಂದೆ ಓಡಿರುತ್ತದೆ. ಸಸಿ ಬೇರೂರಿದ ಮೇಲೆ 3–5 ಸೆಂ.ಮೀ. ನೀರು ನಿಲ್ಲಿಸಿದರೆ ಹೊಸ ಮೊಳಕೆ ಕಡಿಮೆ. 30 ಸೆಂ.ಮೀ. ಸಾಲಿನ ನಡುವೆ ಎದ್ದದ್ದೆಲ್ಲ ಅನುಮಾನದ್ದೇ, ಕಿತ್ತುಬಿಡಿ. ಚಾಪೆಯ ಮಣ್ಣು ಮಾತ್ರ ಅದೇ ಗದ್ದೆಯದಾಗಬಾರದು.

ಬೀಜ ಶುದ್ಧವಿಲ್ಲದಿದ್ದರೆ ಎರಡೂ ವ್ಯರ್ಥ. ಉಪ್ಪುನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ. ತುಂಬಿದ ಕಳೆಭತ್ತ ಮುಳುಗುತ್ತದೆ. ಎಂಒ-4 ತಳಿಯ ಅಕ್ಕಿಯೂ ಕಳೆಭತ್ತದಂತೆ ಕೆಂಪೇ, ಹಾಗಾಗಿ ಸುಲಿದು ಬಣ್ಣ ನೋಡಿಯೂ ಪ್ರಯೋಜನವಿಲ್ಲ. ತೆನೆ ಸವರಿದಾಗ ಕಾಳು ಕೈಗೆ ಉದುರಿದರೆ ಅದೇ ಕಳೆಭತ್ತ, ಆದರೆ ಅಷ್ಟರಲ್ಲಿ ಅರ್ಧ ಕಾಳು ನೆಲ ಸೇರಿರುತ್ತದೆ.

ಕಳೆದ ವರ್ಷ ಜೋರಾಗಿ ಬಂದಿದ್ದರೆ ನಾಟಿಯೇ ಸರಿ. ಅಲ್ಲಲ್ಲಿ ನಾಲ್ಕು ತೆನೆ ಕಂಡಿದ್ದರೆ ಬಿತ್ತಬಹುದು, ಹೂ ಬಿಡುವಾಗ ಗದ್ದೆಗಿಳಿದು ಕೀಳುವವರಿದ್ದರೆ.