ಒರೆಗೆ ಹಚ್ಚಿದ ನೀರು: ಎಪಿಐ ಟೆಸ್ಟ್ ಕಿಟ್ ಮತ್ತು ನಮ್ಮ ಮನೆಯ ಹೊಸ ಅಕ್ವೇರಿಯಂ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಗಳಿಗೆಂದು ಎರಡು ಅಡಿಯ ಅಕ್ವೇರಿಯಂ ತಂದೆ. ಅಂಗಡಿಯವರು ಅದೇ ದಿನ ಹತ್ತು ಮೀನು ಹಾಕಿಕೊಟ್ಟರು. ಎರಡು ಗೋಲ್ಡ್ ಫಿಶ್, ನಾಲ್ಕು ಮಾಲಿ, ಮೂರು ಗಪ್ಪಿ. ಗಾಜು ಸ್ವಚ್ಛವಾಗಿರುತ್ತದೆ ಎಂದು ಒಂದು ಸಕ್ಕರ್ ಫಿಶ್. ಆರು ದಿನದಲ್ಲಿ ಏಳು ಸತ್ತವು. ಉಳಿದ ಮೂರನ್ನು ದೊಡ್ಡ ಟ್ಯಾಂಕ್ ಇದ್ದ ಸ್ನೇಹಿತರಿಗೆ ಕೊಟ್ಟೆವು. "ಅಪ್ಪಾ, ನೀರು ಇಷ್ಟು ಚೆನ್ನಾಗಿದೆಯಲ್ಲಾ, ಮತ್ತೆ ಯಾಕೆ ಸತ್ತವು?" ಎಂದು ಮಗಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಕೊಂಡಿದ್ದೇ ಅಕ್ವೇರಿಯಂ ನೀರನ್ನು ಪರೀಕ್ಷಿಸುವ, ಎಪಿಐ ಕಂಪನಿಯ ಈ ಫ್ರೆಶ್‌ವಾಟರ್ ಮಾಸ್ಟರ್ ಟೆಸ್ಟ್ ಕಿಟ್.

ನಾನು ಶಿವಮೊಗ್ಗದಲ್ಲಿ ಚಿನ್ನದ ಕೆಲಸ ಮಾಡುವವನು. ಬಣ್ಣ ನೋಡಿ ಮಟ್ಟ ಹೇಳುವುದು ನಮ್ಮ ಮನೆತನದ ವಿದ್ಯೆ. ಒರೆಗಲ್ಲಿನ ಮೇಲೆ ಗೆರೆ ಎಳೆದು, ಆಸಿಡ್ ಮುಟ್ಟಿಸಿ, ಮಟ್ಟ ಗೊತ್ತಿರುವ ಕಡ್ಡಿಯ ಗೆರೆಯ ಪಕ್ಕದಲ್ಲಿಟ್ಟು ನೋಡುತ್ತೇವೆ. ಈ ಕಿಟ್ ಮಾಡುವುದೂ ಅದನ್ನೇ. ಪೆಟ್ಟಿಗೆಯಲ್ಲಿ ಏಳು ಸಣ್ಣ ಬಾಟಲಿ, ಮುಚ್ಚಳವಿರುವ ನಾಲ್ಕು ಗಾಜಿನ ನಳಿಕೆ, ಒಂದು ಬಣ್ಣದ ಕಾರ್ಡು, ಒಂದು ಪುಸ್ತಿಕೆ ಇರುತ್ತವೆ. ನಳಿಕೆಗೆ 5 ಮಿಲಿ ನೀರು ಹಾಕಿ, ಹನಿ ಎಣಿಸಿ, ಕುಲುಕಿ, ಐದು ನಿಮಿಷ ಬಿಟ್ಟು ಕಾರ್ಡಿನ ಪಕ್ಕ ಹಿಡಿಯಬೇಕು. ಪಿಎಚ್‌ಗೆ ಮಾತ್ರ ಕಾಯಬೇಕಿಲ್ಲ; ಅದು ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿ ನೀಲಿ, ಇದ್ದರೆ ನೇರಳೆ. ನೈಟ್ರೇಟ್ ಹಳದಿಯಿಂದ ಕಿತ್ತಳೆಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ.

ಕಾರ್ಡಿನಲ್ಲಿ ಅಂಕಿಗಳು ಪಿಪಿಎಂನಲ್ಲಿವೆ. ನಮ್ಮ 916 ಚಿನ್ನ ಅಂದರೆ ಸಾವಿರಕ್ಕೆ 916 ಭಾಗ, ಅಲ್ವಾ? ಪಿಪಿಎಂ ಅಂದರೆ ಹತ್ತು ಲಕ್ಷಕ್ಕೆ ಒಂದು ಭಾಗ. ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂ. ಅಷ್ಟೇ ಅಷ್ಟು ಅಮೋನಿಯಾ ಮೀನಿನ ಕಿವಿರನ್ನು ಸುಡಬಲ್ಲದು. ಅದಕ್ಕೆ ಬಣ್ಣವಿಲ್ಲ. ನಮ್ಮ ಮೂಗಿಗೆ ವಾಸನೆಯೂ ಬರುವುದಿಲ್ಲ. ಮಗಳ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಮೀನಿನ ಹೊಲಸು, ಉಳಿದ ತಿಂಡಿ ಎಲ್ಲವೂ ಅಮೋನಿಯಾ ಆಗುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಮತ್ತೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ಅವು ಬೆಳೆದು ನಿಲ್ಲಲು ವಾರಗಟ್ಟಲೆ ಬೇಕು.

ಎರಡನೇ ಸಲ ಮೀನು ತರುವ ಮೊದಲು ಖಾಲಿ ಟ್ಯಾಂಕನ್ನೇ ಹದ ಮಾಡಿದೆ. ತಳಕ್ಕೆ ನಯವಾದ ಮರಳು ತೊಳೆದು ಹಾಕಿದೆ. ಸ್ಪಂಜ್ ಫಿಲ್ಟರ್ ಕೂರಿಸಿ ಹಗಲು ರಾತ್ರಿ ನಡೆಸಿದೆ. ನೀರು ನಮ್ಮ ನಲ್ಲಿಯದು, ಅಂದರೆ ತುಂಗೆಯದು. ಗಂಗಾ ಸ್ನಾನ, ತುಂಗಾ ಪಾನ ಎಂದು ಹಿರಿಯರು ಹೇಳಿದ ನೀರು. ಕುಡಿಯಲು ಸೊಗಸು, ಬೇಳೆಯೂ ಬೇಗ ಬೇಯುತ್ತದೆ. ಆದರೆ ನಲ್ಲಿಗೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ. ಮೀನಿಗೂ ಆಗದು, ಬ್ಯಾಕ್ಟೀರಿಯಾಕ್ಕೂ ಆಗದು. ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ತುಂಬಿದೆ.

ಬ್ಯಾಕ್ಟೀರಿಯಾಕ್ಕೆ ಊಟ ಬೇಕಲ್ಲ. ಅದಕ್ಕೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರ ಹತ್ತಿರ ಇರುವುದು ಎಷ್ಟು ಶುದ್ಧವೋ ಹೇಳಲಾಗದು. ಆದ್ದರಿಂದ ಲ್ಯಾಬ್ ಸಾಮಾನು ಮಾರುವ ಅಂಗಡಿಯಿಂದ ಒಳ್ಳೆಯದನ್ನೇ ತಂದೆ. ನನ್ನ ಟ್ಯಾಂಕಿಗೆ ಬಕೆಟ್ಟಿನಲ್ಲಿ ಅಳೆದು ಹಾಕಿದ ನೀರು 45 ಲೀಟರ್. 2 ಪಿಪಿಎಂ ಅಮೋನಿಯಾ ಬರಲು ಸುಮಾರು 280 ಮಿಲಿಗ್ರಾಂ ನವಸಾಗರ ಬೇಕು ಎಂದು ಲೆಕ್ಕ ಬಂತು. ಚಿನ್ನದ ತಕ್ಕಡಿಯಲ್ಲೇ ತೂಗಿದೆ.

ಇಲ್ಲಿ ನಾನು ಕಿಟ್ಟನ್ನೇ ಪರೀಕ್ಷೆ ಮಾಡಿದೆ. ಹಾಕಿದ್ದು ಎಷ್ಟು ಎಂದು ಗೊತ್ತಿದೆ. ಕಿಟ್ ಎಷ್ಟು ತೋರಿಸುತ್ತದೆ ನೋಡೋಣ ಎಂದು ಒಂದು ಗಂಟೆ ಬಿಟ್ಟು ನಳಿಕೆ ತುಂಬಿದೆ. ಮೊದಲ ಬಾಟಲಿಯಿಂದ ಎಂಟು ಹನಿ, ಎರಡನೆಯದರಿಂದ ಎಂಟು ಹನಿ. ಐದು ನಿಮಿಷ ಕಳೆದ ಮೇಲೆ ಕಿಟಕಿಯ ಹತ್ತಿರ ಹಿಡಿದರೆ ಹಸಿರು ಸರಿಯಾಗಿ 2ರ ಚೌಕಕ್ಕೆ ಕೂತಿತು. ಆಗ ನನಗೆ ಈ ಕಿಟ್ ಮೇಲೆ ನಂಬಿಕೆ ಬಂತು. ನೀವೂ ಹಗಲು ಬೆಳಕಿನಲ್ಲೇ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಚಿನ್ನದ ಬಣ್ಣವನ್ನೂ ನಂಬಬಾರದು, ಇದನ್ನೂ ನಂಬಬಾರದು.

ಹನ್ನೊಂದನೇ ದಿನ ನೈಟ್ರೈಟ್ ನಳಿಕೆ ಮೊದಲ ಸಲ ನೇರಳೆಗೆ ತಿರುಗಿತು. ಮಗಳನ್ನು ಕರೆದು ತೋರಿಸಿದೆ. ಕಣ್ಣಿಗೆ ಕಾಣದ ಜೀವಿಗಳು ಕೆಲಸ ಶುರು ಮಾಡಿವೆ ಎಂದಾಗ ಅವಳ ಮುಖ ಅರಳಿತು. ಅಮೋನಿಯಾ ಇಳಿದಾಗಲೆಲ್ಲ ಮತ್ತೆ ನವಸಾಗರ ಹಾಕುತ್ತಾ ಬಂದೆ. ಆದರೆ ನೈಟ್ರೈಟ್ ಕಾರ್ಡಿನ ಕೊನೆಯ ಚೌಕವಾದ 5ರಲ್ಲೇ ನಿಂತುಬಿಟ್ಟಿತು. ಹತ್ತು ದಿನ ಜಗ್ಗಲಿಲ್ಲ. 24ನೇ ದಿನ ಅರ್ಧ ನೀರು ಬದಲಿಸಿದೆ. 36ನೇ ದಿನ ಬೆಳಗ್ಗೆ 2 ಪಿಪಿಎಂ ಆಗುವಷ್ಟು ಹಾಕಿದ್ದು ಮಾರನೆಯ ಬೆಳಗ್ಗೆಯೊಳಗೆ ಪೂರ್ತಿ ಖಾಲಿ. ಒಂದು ನಳಿಕೆ ಹಳದಿ, ಇನ್ನೊಂದು ತಿಳಿ ನೀಲಿ. ಅವೆರಡನ್ನೂ ಅಕ್ಕಪಕ್ಕ ಕಿಟಕಿಯಲ್ಲಿಟ್ಟು ಸುಮ್ನೆ ನೋಡುತ್ತಾ ಕೂತಿದ್ದೆ.

ನೈಟ್ರೇಟ್ ಪರೀಕ್ಷೆಯಲ್ಲಿ ಎಚ್ಚರ ಬೇಕು. ಅದರ ಎರಡನೇ ಬಾಟಲಿಯಲ್ಲಿ ಪುಡಿ ತಳಕ್ಕೆ ಕೂರುತ್ತದೆ. 30 ಸೆಕೆಂಡ್ ಜೋರಾಗಿ ಕುಲುಕಲೇಬೇಕು. ಹನಿ ಹಾಕಿದ ಮೇಲೆ ನಳಿಕೆಯನ್ನು ಇನ್ನೊಂದು ನಿಮಿಷ ಕುಲುಕಬೇಕು. ನಾನು ಮೊದಲೆರಡು ಸಲ ಕುಲುಕದೆ ಹಾಕಿ, 5 ಎಂದು ಬರೆದುಕೊಂಡಿದ್ದೆ. ಸರಿಯಾಗಿ ಮಾಡಿದಾಗ 40 ಬಂತು. ಮುಕ್ಕಾಲು ಭಾಗ ನೀರು ಬದಲಿಸಿದ ಮೇಲೆ 10ಕ್ಕೆ ಇಳಿಯಿತು.

ಆಮೇಲೆ ಮೀನು. ಮೊದಲು ಎಂಟು ಚೆರ್ರಿ ಬಾರ್ಬ್ ತಂದೆವು. ಶ್ರೀಲಂಕಾದ ನೆರಳಿನ ಹಳ್ಳಗಳ ಮೀನು, ಎರಡು ಇಂಚು ಮೀರುವುದಿಲ್ಲ. ಮೂರು ಗಂಡು, ಐದು ಹೆಣ್ಣು. ವಾರದೊಳಗೆ ಗಂಡುಗಳಿಗೆ ಕಾಯಿಸಿದ ತಾಮ್ರದಂಥ ಕೆಂಪು ಬಂತು. ಮೂರು ವಾರ ಬಿಟ್ಟು ತಳದಲ್ಲೇ ಓಡಾಡುವ ಆರು ಕೋರಿಡೋರಸ್ ಮೀನು. ಅವು ಮರಳಿನಲ್ಲಿ ಮೂತಿ ತೂರಿಸಿ ತಿಂಡಿ ಹುಡುಕುತ್ತವೆ. ಹರಿತವಾದ ಜಲ್ಲಿ ಹಾಕಿದ್ದರೆ ಮೀಸೆ ಸವೆದುಹೋಗುತ್ತಿತ್ತು. ಗೋಲ್ಡ್ ಫಿಶ್‌ಗೆ ನನ್ನ ಟ್ಯಾಂಕ್ ಸಾಲದು. ಸಕ್ಕರ್ ಅಂತೂ ಒಂದು ಅಡಿ ಮೀರಿ ಬೆಳೆಯುತ್ತದೆ. ಎರಡು ಅಡಿಯ ಪೆಟ್ಟಿಗೆಯಲ್ಲಿ ಅದನ್ನು ಇಡುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಎರಡು ತಂಡ ಬಂದ ಮೇಲೂ ಮೊದಲ ವಾರ ದಿನಾ ನಳಿಕೆ ಹಿಡಿದೆ. ಒಂದು ದಿನವೂ ಹಸಿರು ಕಾಣಲಿಲ್ಲ. ಇವತ್ತಿನವರೆಗೆ ಒಂದು ಮೀನೂ ಸತ್ತಿಲ್ಲ.

ಬೆಲೆಯ ಮಾತು. ನನಗೆ ಮೂರೂವರೆ ಸಾವಿರದ ಹತ್ತಿರ ಬಿತ್ತು. ಟ್ಯಾಂಕಿಗಿಂತ ಜಾಸ್ತಿ. ಆದರೆ ಪೆಟ್ಟಿಗೆಯ ಮೇಲೆ 800 ಪರೀಕ್ಷೆ ಎಂದಿದೆ, ಅಂದರೆ ಒಂದಕ್ಕೆ ನಾಲ್ಕೂವರೆ ರೂಪಾಯಿಯೂ ಆಗುವುದಿಲ್ಲ. ಮೀನಿಗೆ ದುಡ್ಡು ಸುರಿಯುವ ಮೊದಲು ಇದನ್ನು ಕೊಳ್ಳಿ. ಒಂದು ಕೊರತೆ ಇದೆ. ನೀರಿನ ಗಡಸುತನ ಅಳೆಯುವ ಜಿಎಚ್, ಕೆಎಚ್ ಪರೀಕ್ಷೆಗಳು ಇದರಲ್ಲಿಲ್ಲ, ಬೇರೆಯಾಗಿ ಕೊಳ್ಳಬೇಕು. ಮೆದು ನೀರಿನ ಊರಿನವರಿಗೆ ಕೆಎಚ್ ಬೇಕೇ ಬೇಕು. ಅದು ತೀರಾ ಕಡಿಮೆಯಾದರೆ ಪಿಎಚ್ ದಿಢೀರನೆ ಕುಸಿಯುತ್ತದೆ. ಬಾಟಲಿಗಳಲ್ಲಿ ಚರ್ಮ ಸುಡುವಂಥ ರಾಸಾಯನಿಕಗಳಿವೆ, ಮಕ್ಕಳ ಕೈಗೆ ಸಿಗದಂತೆ ಇಡಿ. ನಳಿಕೆಯ ನೀರನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ.

ಈಗ ಓಣಿಯವರೂ ಬಾಟಲಿಯಲ್ಲಿ ನೀರು ಹಿಡಿದು ಬರುತ್ತಾರೆ. ನಿನ್ನೆ ಪಕ್ಕದ ಬೀದಿಯ ಟೈಲರ್ ತಂದಿದ್ದರು. ಟ್ಯಾಂಕ್ ಇಟ್ಟು ಎಂಟು ದಿನವಾಗಿದೆಯಂತೆ. ನಳಿಕೆ ಕಡು ಹಸಿರಾಯಿತು. "ಇನ್ನೂ ಮೀನು ತರಬೇಡಿ ಅಣ್ಣಾ" ಎಂದೆ. ಬರುವ ಭಾನುವಾರ ಮತ್ತೆ ನೀರು ತರುತ್ತಾರೆ.