ಹಳೆ ಎಸಿ ಜಾಗಕ್ಕೆ 1 ಟನ್ನೋ, ಒಂದೂವರೆಯೋ?

ಮಂಗಳೂರಿನಲ್ಲಿ ಹೀಟರ್ ಮಾತೇ ಬೇಡ, ತಂಪಿನ ಲೆಕ್ಕ ಸಾಕು. 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ತಂಪು ಮಾಡುವ ಶಕ್ತಿ (ಕರೆಂಟಿನ ಲೆಕ್ಕವಲ್ಲ), ಒಂದೂವರೆ ಅಂದರೆ 5.3. ಹಳೆಯದು ಎಷ್ಟಿತ್ತೋ ಅಷ್ಟೇ ತರಬೇಡಿ, ಕೋಣೆ ನೋಡಿ. 120 ಚದರಡಿ ಕೋಣೆ, ಮೇಲೊಂದು ಮಹಡಿ ಇದ್ದರೆ 1 ಟನ್ ಸಾಕು. ಅದೇ ಕೋಣೆ ತಾರಸಿ ಕೆಳಗಿದ್ದು, ಪಶ್ಚಿಮದ ಗೋಡೆಗೆ ಬಿಸಿಲು ಹೊಡೆದರೆ ಒಂದೂವರೆ.

‘ದೊಡ್ಡದೇ ಇರಲಿ’ ಅನ್ನುವವರು ಜಾಸ್ತಿ. ನಾನಂತೂ ಒಪ್ಪುವುದಿಲ್ಲ. ಇಲ್ಲಿ ನಿಜವಾದ ಕಾಟ ಸೆಕೆಯದ್ದು, ಅಲ್ವಾ? ಅಳತೆ ಮೀರಿದ ಎಸಿ ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ಗಾಳಿಯ ತೇವ ಹಾಗೇ ಉಳಿಯುತ್ತದೆ. ಕೋಣೆ ತಣ್ಣಗೆ, ಮೈ ಮಾತ್ರ ಅಂಟಂಟು. ಸರಿಯಾದ ಅಳತೆಯದು ಹೆಚ್ಚು ಹೊತ್ತು ಓಡಿ ತೇವ ಹೀರುತ್ತದೆ. ತೀರಾ ಚಿಕ್ಕದಾದರೆ ಏಪ್ರಿಲ್ ಮಧ್ಯಾಹ್ನ ಸುಮ್ನೆ ಓಡುತ್ತಲೇ ಇರುತ್ತದೆ. ಒಂದೂವರೆಯೇ ಬೇಕಾದರೆ ಇನ್ವರ್ಟರ್ ಎಸಿ ತಗೊಳ್ಳಿ, ಅದು ಕಂಪ್ರೆಸರ್ ವೇಗ ತಗ್ಗಿಸಿಕೊಳ್ಳುತ್ತದೆ.