ಎ-ಲೆವೆಲ್ ಮನೋವಿಜ್ಞಾನ: ಸುಲಭವೆಂಬ ಹೆಸರು ಇದಕ್ಕೆ ಸಲ್ಲದು

ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್‌ನಲ್ಲಿ, ಅಂದರೆ 16ರಿಂದ 18ರ ವಯಸ್ಸಿನಲ್ಲಿ, ವಿದ್ಯಾರ್ಥಿಗಳು ಎ-ಲೆವೆಲ್ ಎಂಬ ಪರೀಕ್ಷೆಗಾಗಿ ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಓದುತ್ತಾರೆ. ಅವುಗಳಲ್ಲೊಂದು ಮನೋವಿಜ್ಞಾನವಾಗಲಿ ಎಂದು ಮಕ್ಕಳು ಕೇಳಿದರೆ, ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಹಿರಿಯರು ಅದು ಹಗುರವಾದ ವಿಷಯವೆಂದು ಹಿಂಜರಿಯುವುದುಂಟು. ಎಕ್ಯೂಎ ಪರೀಕ್ಷಾ ಮಂಡಳಿಯ ಪಠ್ಯಕ್ರಮವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಮಗಳ ಜೊತೆ ಕುಳಿತು ಓದಿದ ಮೇಲೆ, ಆ ಅಭಿಪ್ರಾಯ ಸರಿಯಲ್ಲವೆಂದು ನನಗೆ ಖಚಿತವಾಗಿದೆ.

ಎರಡು ವರ್ಷದ ಓದಿನ ಕೊನೆಗೆ ತಲಾ ಎರಡು ಗಂಟೆಯ, 96 ಅಂಕಗಳ ಮೂರು ಪತ್ರಿಕೆಗಳಿರುತ್ತವೆ. ಸಾಮಾಜಿಕ ಪ್ರಭಾವ, ನೆನಪು, ಶಿಶುವಿನ ಬಾಂಧವ್ಯ, ಮಾನಸಿಕ ಅಸ್ವಸ್ಥತೆಗಳು ಮೊದಲ ಪತ್ರಿಕೆಗೆ ಸೇರಿವೆ. ಸ್ಕಿಜೋಫ್ರೇನಿಯಾ, ಅಪರಾಧ ಮನೋವಿಜ್ಞಾನದಂತಹ ಆಯ್ಕೆಯ ಭಾಗಗಳು ಮೂರನೆಯದರಲ್ಲಿವೆ. ಆದರೆ ಇಡೀ ಪಠ್ಯಕ್ರಮದ ಜೀವಾಳವಿರುವುದು ಎರಡನೆಯ ಪತ್ರಿಕೆಯಲ್ಲಿ. ಅದರ ಅರ್ಧದಷ್ಟು, ಎಂದರೆ 48 ಅಂಕ, ಸಂಶೋಧನಾ ವಿಧಾನಗಳಿಗೆ ಮೀಸಲು. ಪ್ರಯೋಗವನ್ನು ರೂಪಿಸುವುದು, ಭಾಗವಹಿಸುವವರ ಮಾದರಿಯನ್ನು ಆರಿಸುವುದು, ಪ್ರಮಾಣ ವಿಚಲನೆಯನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು) ಅರ್ಥೈಸುವುದು, ಯಾವ ಸಂಖ್ಯಾಶಾಸ್ತ್ರೀಯ ಪರೀಕ್ಷೆ ಎಲ್ಲಿ ಹೊಂದುತ್ತದೆಂದು ಕಾರಣಸಹಿತ ಹೇಳುವುದು, ಇವೆಲ್ಲ ಇಲ್ಲಿ ಬರುತ್ತವೆ. ಇನ್ನೊಬ್ಬರ ಮನಸ್ಸನ್ನು ಓದುವ ವಿದ್ಯೆ ಸಿಗುತ್ತದೆಂದು ನಂಬಿ ಬಂದವರಿಗೆ ಈ ಭಾಗ ಕಷ್ಟವೆನಿಸಬಹುದು. ನನಗಂತೂ ಅತ್ಯಂತ ಬೆಲೆಯುಳ್ಳದ್ದೆನಿಸಿದ್ದು ಇದೇ.

ನೆನಪಿನ ಅಧ್ಯಾಯದಲ್ಲಿ ಓದುವ ಲಾಫ್ಟಸ್ ಮತ್ತು ಪಾಮರ್ ಅವರ 1974ರ ಅಧ್ಯಯನವನ್ನೇ ನೋಡಿ. ಕಾರು ಅಪಘಾತದ ದೃಶ್ಯಗಳನ್ನು ನೋಡಿದವರಿಗೆ ವೇಗವೆಷ್ಟಿತ್ತೆಂದು ಕೇಳುವಾಗ ಪ್ರಶ್ನೆಯ ಕ್ರಿಯಾಪದವನ್ನು ಮಾತ್ರ ಬದಲಿಸಲಾಯಿತು. ಕಾರುಗಳು ಅಪ್ಪಳಿಸಿದವು ಎಂಬರ್ಥದ ಪದ ಕೇಳಿದವರು ಸರಾಸರಿ ಗಂಟೆಗೆ 40.8 ಮೈಲಿ ಎಂದರೆ, ತಾಗಿದವು ಎಂಬರ್ಥದ ಪದ ಕೇಳಿದವರು 31.8 ಮೈಲಿ ಎಂದರು. ಇಷ್ಟನ್ನು ಬಾಯಿಪಾಠ ಮಾಡಿದರೆ ಸಾಲದು. 16 ಅಂಕದ ಪ್ರಬಂಧದಲ್ಲಿ ಸಾಮಾನ್ಯವಾಗಿ ವಿವರಣೆಗೆ 6 ಅಂಕವಾದರೆ ವಿಮರ್ಶೆಗೆ 10 ಅಂಕ. ಪರದೆಯ ಮೇಲೆ ಅಪಘಾತ ಕಂಡ ವಿದ್ಯಾರ್ಥಿಗಳ ಉತ್ತರವನ್ನು, ಬೀದಿಯಲ್ಲಿ ಕಣ್ಣಾರೆ ಕಂಡು ಗಾಬರಿಗೊಂಡ ಸಾಕ್ಷಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದೆಂದು ವಾದಿಸಬೇಕಾಗುತ್ತದೆ.

ಬಾಂಧವ್ಯದ ಅಧ್ಯಾಯದಲ್ಲಿ ನಮ್ಮ ಮಕ್ಕಳಿಗೆ ವಿಶೇಷವಾದ ಅವಕಾಶವಿದೆ. ಸಂಸ್ಕೃತಿಗಳ ನಡುವಣ ವ್ಯತ್ಯಾಸಕ್ಕೆ ಆಧಾರವಾಗಿ ಓದುವ ವಾನ್ ಐಸೆಂಡೋರ್ನ್ ಮತ್ತು ಕ್ರೂನೆನ್‌ಬರ್ಗ್ ಅವರ 1988ರ ವಿಶ್ಲೇಷಣೆ 8 ದೇಶಗಳ 32 ಅಧ್ಯಯನಗಳನ್ನು ಒಳಗೊಂಡಿದೆ, ಆದರೆ ಆ ಎಂಟರಲ್ಲಿ ಭಾರತವಿಲ್ಲ. ಆ ಅಧ್ಯಯನಗಳಲ್ಲಿ ಮಗುವನ್ನು ಕೋಣೆಯೊಂದರಲ್ಲಿ ತಾಯಿಯಿಂದ ಸ್ವಲ್ಪ ಹೊತ್ತು ಅಗಲಿಸಿ, ಅಪರಿಚಿತೆಯ ಜೊತೆ ಬಿಟ್ಟು, ಅದರ ವರ್ತನೆಯಿಂದ ಬಾಂಧವ್ಯವನ್ನು ಅಳೆಯಲಾಗುತ್ತದೆ. ಅಜ್ಜಿ, ಚಿಕ್ಕಮ್ಮ, ಸೋದರತ್ತೆಯರ ಮಡಿಲಲ್ಲೂ ಬೆಳೆಯುವ ಮಗುವನ್ನು ತಾಯಿ ಮತ್ತು ಅಪರಿಚಿತೆ ಇಬ್ಬರೇ ಇರುವ ಕೋಣೆಯಲ್ಲಿ ಅಳೆಯುವುದು ಎಷ್ಟು ನ್ಯಾಯ? ಸಾಂಸ್ಕೃತಿಕ ಪಕ್ಷಪಾತವೂ ಪಠ್ಯದ ಭಾಗವೇ ಆಗಿರುವುದರಿಂದ, ಈ ಪ್ರಶ್ನೆಯನ್ನು ಉತ್ತರದಲ್ಲೇ ಎತ್ತಿ ಅಂಕ ಪಡೆಯಬಹುದು.

ದೊಡ್ಡ ಕೊರತೆ ಒಂದಿದೆ. ಕರ್ನಾಟಕದ ಪಿಯುಸಿ ಮನೋವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯಿದೆ. ಎ-ಲೆವೆಲ್‌ನಲ್ಲಿ ಎಲ್ಲವನ್ನೂ ಲಿಖಿತ ಪರೀಕ್ಷೆಯೇ ನಿರ್ಧರಿಸುತ್ತದೆ. ಪ್ರಯೋಗದ ಬಗ್ಗೆ ಇಷ್ಟೊಂದು ಕೇಳುವ ಪಠ್ಯಕ್ರಮ, ವಿದ್ಯಾರ್ಥಿ ಸ್ವತಃ ಮಾಡಿದ ಪ್ರಯೋಗಕ್ಕೆ ಒಂದು ಅಂಕವನ್ನೂ ಇಡದಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬರೆಯುವುದರಲ್ಲೂ ಅಂಕಿಗಳಲ್ಲೂ ಆಸಕ್ತಿಯಿರುವ ಮಕ್ಕಳಿಗೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಮುಂದೆ ಮನೋವಿಜ್ಞಾನದಲ್ಲೇ ಪದವಿ ಮಾಡಬೇಕೆನ್ನುವವರಿಗೂ ಬಹುತೇಕ ವಿಶ್ವವಿದ್ಯಾಲಯಗಳು ಇದನ್ನು ಕಡ್ಡಾಯ ಮಾಡಿಲ್ಲ, ಆದ್ದರಿಂದ ಒತ್ತಾಯಕ್ಕೆ ಆರಿಸುವ ಅಗತ್ಯವಿಲ್ಲ. ನಿರ್ಧರಿಸುವ ಮೊದಲು ಎರಡನೆಯ ಪತ್ರಿಕೆಯ ಒಂದು ಹಳೆಯ ಪ್ರತಿಯನ್ನು ಮಂಡಳಿಯ ಜಾಲತಾಣದಿಂದ ಇಳಿಸಿಕೊಂಡು, ಮಗುವಿನ ಜೊತೆ ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ.